ಶನಿವಾರದ ರಗ್ಬಿ, ನನ್ನ ಐಸ್ ಪೆಟ್ಟಿಗೆ

ನಿವೃತ್ತಳಾದ ಮೇಲೂ ಜನ ನನ್ನ ಮುಂದೆ ಮಂಡಿ ಚಾಚುವುದನ್ನು ಬಿಟ್ಟಿಲ್ಲ. ಯಾರ ಮನೆಯ ಸತ್ಯನಾರಾಯಣ ಪೂಜೆಗೋ ಹೋಗಿ ಪ್ರಸಾದದ ತಟ್ಟೆ ಹಿಡಿದು ಕೂತರೆ ಸಾಕು, ಪಕ್ಕದವರು ಸೀರೆಯ ನೆರಿಗೆ ಸರಿಸಿ, "ಶಾರದಾ, ಇಲ್ಲೊಂಚೂರು ಒತ್ತಿ ನೋಡಿ" ಅನ್ನುತ್ತಾರೆ. ನಾನೂ ತಟ್ಟೆ ಕೆಳಗಿಟ್ಟು ಒತ್ತಿ ನೋಡುತ್ತೇನೆ. ಆದರೆ ಈಚೆಗೆ ಫಿಸಿಯೊಥೆರಪಿ ಓದಿ ಕೆಲಸಕ್ಕೆ ಸೇರುತ್ತಿರುವ ನಮ್ಮ ಹುಡುಗ ಹುಡುಗಿಯರು ಬಂದಾಗ ಬೇರೆ ಪ್ರಶ್ನೆ ಕೇಳುತ್ತಾರೆ: ಆಂಟಿ, ಕ್ಲಿನಿಕ್‌ನಲ್ಲಿ ಹೆಚ್ಚು ಕಲಿಯಬಹುದಾ, ಆಸ್ಪತ್ರೆಯಲ್ಲಾ? ಹುಲ್ಲಿನ ಮೇಲೆ ಅನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಸೀನಿಯರ್ ಆದೆ, ಯಾವಾಗ ನನ್ನ ಹೆಸರಿನ ಬೋರ್ಡು ಬಾಗಿಲಿಗೆ ಬಂತು ಎನ್ನುವುದೆಲ್ಲ ಇಲ್ಲಿ ಇಲ್ಲ. ಅದನ್ನು ಓದಿ ಯಾರ ಬೆನ್ನುನೋವೂ ವಾಸಿಯಾಗುವುದಿಲ್ಲ.

ಆಗ ನಾವು ಟೆಕ್ಸಾಸ್‌ನಲ್ಲಿ, ಡ್ಯಾಲಸ್ ಹತ್ತಿರದ ಅಲೆನ್ ಎಂಬ ಊರಿನಲ್ಲಿದ್ದೆವು. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷ ಕಳೆದಿತ್ತು. ಪಕ್ಕದ ಪ್ಲೇನೊದ ಟೆಲಿಕಾಂ ಕಂಪನಿಗಳಲ್ಲಿ ವಾರಕ್ಕೊಬ್ಬರ ಮೇಜು ಖಾಲಿಯಾಗುತ್ತಿದ್ದ ಕಾಲ. ನನ್ನ ಗಂಡನ ಕೆಲಸ ಇತ್ತು, ಆದರೆ ನಾಳೆ ಇರುತ್ತದೆ ಎಂದು ಹೇಳುವವರು ಯಾರೂ ಇರಲಿಲ್ಲ. ಹಾಗಾಗಿ ನಮ್ಮ ಗ್ರೀನ್ ಕಾರ್ಡಿಗೆ ನಾನು ಕೆಲಸ ಮಾಡುತ್ತಿದ್ದ ಚಿಕ್ಕ ಕ್ಲಿನಿಕ್ ಮೂಲಕವೇ ಅರ್ಜಿ ಹಾಕಿಸಿದ್ದೆವು. ಕ್ಲಿನಿಕ್‌ನ ಒಡತಿ ಡೊರೊತಿ. ಊರಿಗೆಲ್ಲ ಆಕೆ ಮಿಸ್ ಡಾಟಿ. ಅರವತ್ತು ದಾಟಿದ ಹೆಂಗಸು, ಚರ್ಮದ ಬೂಟು, ಕತ್ತರಿಸಿದ ಬಿಳಿ ಕೂದಲು, ಮಾತು ಬಹಳ ಕಮ್ಮಿ. ರೋಗಿ ಬಂದು ಕೂತ ತಕ್ಷಣ ನಾನು ಕೈ ಚಾಚಿದರೆ ಹಿಂದಿನಿಂದ ಬಂದು ಮೆಲ್ಲಗೆ ನನ್ನ ಮಣಿಕಟ್ಟಿಗೆ ತಟ್ಟುತ್ತಿದ್ದರು. ನೋಡಿದ್ದು ಮುಗಿಯಿತಾ, ಇಷ್ಟು ಬೇಗ ಕೈ ಯಾಕೆ ಎಂದು ಅದರ ಅರ್ಥ.

ಒಂದು ದಿನ ಅವರು ನನ್ನನ್ನು ಕರೆದು, ಈ ವಸಂತದಲ್ಲಿ ಶನಿವಾರಗಳು ಬಿಡುವಿದೆಯೇ ಎಂದು ಕೇಳಿದರು. ಡ್ಯಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯಿಂದ ಎರಡೆರಡು ತಂಡ ಸೇರಿಸಿ ಹೈಸ್ಕೂಲು ವಯಸ್ಸಿನ ಮಕ್ಕಳಿಗೆ ರಗ್ಬಿ ಲೀಗ್ ಎಂಬ ಆಟದ ಸ್ಪರ್ಧೆ ನಡೆಸುತ್ತಿದ್ದಾರಂತೆ. ಪ್ರತಿ ಪಂದ್ಯಕ್ಕೂ ಒಬ್ಬ ಫಿಸಿಯೊ ಬೇಕಂತೆ. ಮಕ್ಕಳ ಆಟ, ಪಿಕ್ನಿಕ್ ಇದ್ದ ಹಾಗಿರುತ್ತದೆ ಎಂದರು. ಮಿಸ್ ಡಾಟಿ ನನಗೆ ಹೇಳಿದ ಒಂದೇ ಒಂದು ಸುಳ್ಳು ಅದು.

ಮೊದಲ ಶನಿವಾರ ಮೈದಾನಕ್ಕೆ ಹೋದವಳು ಡ್ಯಾಲಸ್‌ನ ಒಂದು ತಂಡದ ಕೋಚನ್ನು ಹೆಲ್ಮೆಟ್ ಎಲ್ಲಿ ಎಂದು ಕೇಳಿದೆ. ಟೆಕ್ಸಾಸ್‌ಗೆ ಬಂದಮೇಲೆ ನೋಡಿದ್ದ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹುಡುಗರು ಗಗನಯಾತ್ರಿಗಳ ಹಾಗೆ ಪ್ಯಾಡು ಕಟ್ಟಿಕೊಂಡು ಇಳಿಯುತ್ತಿದ್ದರು. ಕೋಚ್ ಸಿಯೋನೆ ಟೋಂಗಾ ದ್ವೀಪದವರು, ವಿಮಾನ ನಿಲ್ದಾಣದಲ್ಲಿ ಸಾಮಾನು ಸಾಗಿಸುವ ಕೆಲಸ, ಬಾಗಿಲು ತುಂಬುವಷ್ಟು ದೊಡ್ಡ ಆಳು, ದನಿ ಮಾತ್ರ ಮಗುವನ್ನು ಮಲಗಿಸುವವರದು. ಈ ಆಟದಲ್ಲಿ ಹೆಲ್ಮೆಟ್ ಇಲ್ಲ ಎಂದರು. ಭುಜದ ಪ್ಯಾಡ್ ಕೇಳಿದೆ. ಅದೂ ಇಲ್ಲ. ಹಲ್ಲು ಕಾಯಲು ಬಾಯಲ್ಲಿ ಒಂದು ರಬ್ಬರ್ ಕಚ್ಚಿಕೊಳ್ಳಬೇಕು, ಅದನ್ನೂ ಅರ್ಧ ಹುಡುಗರು ಮನೆಯಲ್ಲಿ ಬಿಟ್ಟು ಬಂದಿದ್ದಾರೆ ಎಂದು ಸಂಕೋಚದಿಂದ ಹೇಳಿದರು. ಆಟದ ನಿಯಮ ಅವರು ವಿವರಿಸಿದ್ದು ಹೀಗೆ: ಒಂದೊಂದು ಕಡೆ ಹದಿಮೂರು ಜನ. ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬೇಕು, ಆದರೆ ಎಸೆಯುವುದು ಮಾತ್ರ ಹಿಂದಿರುವವರಿಗೆ. ಎದುರಾಳಿಗಳು ಹಿಡಿದು ಕೆಡವುತ್ತಾರೆ, ಅದಕ್ಕೆ ಟ್ಯಾಕಲ್ ಎಂದು ಹೆಸರು. ಆರು ಸಲ ಬೀಳಿಸಿಕೊಂಡರೆ ಚೆಂಡು ಅವರದು. ಎದುರಿನ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅಂಕ. ಶಾಲೆಯಲ್ಲಿ ಕಬಡ್ಡಿ ಆಡಿದ್ದ ನನಗೆ ಇದು ಬೇಗ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಒಂದೇ, ಪೆಟ್ಟಾದವರನ್ನು ನೋಡಲು ಫಿಸಿಯೊ ಓಡಿಹೋದಾಗಲೂ ಆಟ ನಿಲ್ಲುವುದಿಲ್ಲ ಎನ್ನುವುದು.

ಅದನ್ನು ಆ ದಿನವೇ ಮೈಮೇಲೆ ಹಾಕಿಕೊಂಡು ಕಲಿತೆ. ಒಬ್ಬ ಹುಡುಗ ಕಾಲು ಉಳುಕಿಸಿಕೊಂಡು ಕೂತ. ನಾನು ಐಸ್ ಪೆಟ್ಟಿಗೆ ಹಿಡಿದು ಓಡಿದೆ. ಬಗ್ಗಿ ಅವನ ಬೂಟು ಬಿಚ್ಚುತ್ತಿರುವಾಗ ಆಟ ಆ ಕಡೆಯಿಂದ ತಿರುಗಿ ಈ ಕಡೆಗೆ ನುಗ್ಗಿ ಬಂತು. ನನಗೆ ನೆನಪಿರುವುದು ನನ್ನ ಬಿಸಿಲು ಟೋಪಿ ಒಂದು ಕಡೆ, ಪೆಟ್ಟಿಗೆ ಒಂದು ಕಡೆ ಹಾರಿದ್ದು, ನಾನು ಆಕಾಶ ನೋಡುತ್ತಾ ಮಲಗಿದ್ದು. ಆ ಸೀಸನ್ನಿನಲ್ಲಿ ರೆಫರಿ ಸೀಟಿ ಊದಿ ಆಟ ನಿಲ್ಲಿಸಿದ ಮೊದಲ ಗಾಯಾಳು ನಾನೇ. ನನಗೆ ಡಿಕ್ಕಿ ಹೊಡೆದ ಹುಡುಗ ಚರ್ಚಿನಲ್ಲಿ ನಿಂತವನ ಹಾಗೆ ಕೈಕಟ್ಟಿ ನಿಂತು, "ಸಾರಿ, ಮಿಸ್ ಶಾರ್" ಎಂದು ಅಳುತ್ತಿದ್ದ. ಕಾಲು ಉಳುಕಿದವನು ಎದ್ದು ಬಂದು ನನ್ನ ಭುಜಕ್ಕೆ ಐಸ್ ಇಟ್ಟ. ಮುಂದಿನ ವಾರ ಹ್ಯೂಸ್ಟನ್‌ಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಅಲ್ಲಿಗೆ ತಲುಪಿತ್ತು. ಎಳೆಯರಿಗೆ ನಾನು ಹೇಳುವುದು ಇಷ್ಟೆ: ಕೆಲಸ ಮಾಡುವ ಜಾಗದ ನಿಯಮವನ್ನು ಕೆಲಸಕ್ಕಿಂತ ಮೊದಲು ತಿಳಿದುಕೊಳ್ಳಿ.

ಟೇಪಿನ ಕತೆಯೂ ಹೇಳಬೇಕು. ಪಂದ್ಯಕ್ಕೆ ಮೊದಲು ಹುಡುಗರ ಕಾಲ್ಗಿಣ್ಣಿಗೆ ಬಿಗಿಯಾಗಿ ಟೇಪು ಸುತ್ತುವುದು ನನ್ನ ಕೆಲಸ. ಪುಸ್ತಕದಲ್ಲಿದ್ದ ಹಾಗೆ ಅಡ್ಡ, ಉದ್ದ, ಎಂಟರ ಆಕಾರ ಎಲ್ಲ ಮಾಡಿ ಸುತ್ತುತ್ತಿದ್ದೆ. ಆಸ್ಟಿನ್ ಹುಡುಗರಿಗೆ ನಿಲ್ಲುತ್ತಿತ್ತು, ಹ್ಯೂಸ್ಟನ್‌ನವರಿಗೆ ನಿಲ್ಲುತ್ತಿತ್ತು, ಡ್ಯಾಲಸ್‌ನ ಟೋಂಗಾ ಹುಡುಗರ ಕಾಲಿಂದ ಮಾತ್ರ ಅರ್ಧ ಆಟಕ್ಕೆ ಹಾವಿನ ಪೊರೆಯ ಹಾಗೆ ಕಳಚಿ ಬರುತ್ತಿತ್ತು. ಟೇಪು ಬದಲಾಯಿಸಿದೆ, ಸುತ್ತುವ ರೀತಿ ಬದಲಾಯಿಸಿದೆ. ಕೊನೆಗೊಂದು ದಿನ ಬೇಗ ಹೋದಾಗ ಗುಟ್ಟು ಸಿಕ್ಕಿತು. ಸಿಯೋನೆಯ ತಾಯಿ ವ್ಯಾನಿನ ಹಿಂಬದಿಯಲ್ಲಿ ಕೂತು ಸಾಲಾಗಿ ನಿಂತ ಹುಡುಗರ ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. ಆ ವಾಸನೆಗೆ ನನಗೆ ಹಾಸನದ ನಮ್ಮ ಬಚ್ಚಲು ಮನೆಯೇ ಎದುರಿಗೆ ಬಂದ ಹಾಗಾಯಿತು.

ಅಜ್ಜಿಗೆ ಇಂಗ್ಲಿಷ್ ಬಾರದು, ನನಗೆ ಅವರ ಭಾಷೆ ಬಾರದು. ಬೇಡ ಎಂದರೆ ಮನಸ್ಸಿಗೆ ನೋವಾಗುತ್ತದೆ. ಸುಮ್ಮನೆ ಹೋಗಿ ಅವರ ಮುಂದೆ ಕೂತು, ಮೊದಲ ವಾರ ಪೆಟ್ಟಾಗಿದ್ದ ನನ್ನ ಭುಜ ತೋರಿಸಿದೆ. ಚೆನ್ನಾಗಿ ತಿಕ್ಕಿದರು. ಆಮೇಲೆ ನಾನು ಎಣ್ಣೆ ಇಲ್ಲದ ಒಬ್ಬ ಹುಡುಗನ ಕಾಲಿಗೆ ಅವರೆದುರೇ ಟೇಪು ಸುತ್ತಿ, ಎಣ್ಣೆ ಹಚ್ಚಿದ ಇನ್ನೊಬ್ಬನಿಗೂ ಸುತ್ತಿ, ಇಬ್ಬರನ್ನೂ ಓಡಿಸಿದೆ. ಅಜ್ಜಿ ನೋಡಿದರು, ನಕ್ಕರು, ಡಬ್ಬಿಯ ಮುಚ್ಚಳ ಹಾಕಿದರು. ಅಂದಿನಿಂದ ಆಟಕ್ಕೆ ಮುಂಚೆ ನನ್ನ ಟೇಪು, ಆಟ ಮುಗಿದ ಮೇಲೆ ಅವರ ಎಣ್ಣೆ.

ಹ್ಯೂಸ್ಟನ್ ತಂಡಗಳ ಮೈದಾನ ಊರ ಹೊರವಲಯದ ಮಿಸೌರಿ ಸಿಟಿಯ ಕಡೆಗಿತ್ತು. ಮಾರ್ಚಿನಲ್ಲೇ ಅಲ್ಲಿ ಗಾಳಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಬಡಿಯುತ್ತಿತ್ತು. ಅಲ್ಲಿನ ಮೊದಲ ಪಂದ್ಯದಲ್ಲಿ ಆರೇಳು ಹುಡುಗರು ಒಬ್ಬರ ಮೇಲೊಬ್ಬರು ಬಿದ್ದ ರಾಶಿಯ ಅಡಿಯಿಂದ ಸ್ಪಷ್ಟವಾಗಿ ಒಂದು ದನಿ ಬಂತು: "ಅಯ್ಯೋ, ಅಮ್ಮಾ."

ನಾನು ಓಡಿದೆ. ಈ ಸಲ ಎರಡೂ ಕಡೆ ನೋಡಿಕೊಂಡು. ರಾಶಿ ಕರಗಿದ ಮೇಲೆ ಕೆಳಗೆ ಒಬ್ಬ ತೆಳ್ಳನೆಯ ಹುಡುಗ ಕತ್ತು ಹಿಡಿದುಕೊಂಡು ಅಂಗಾತ ಮಲಗಿದ್ದ. ಕತ್ತು ಎಂದರೆ ಹುಷಾರಾಗಿರಬೇಕು. ಮಂಡಿಯೂರಿ ಕೂತು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, "ಅಲ್ಲಾಡಬೇಡಪ್ಪಾ, ಹಾಗೇ ಮಲಗಿರು" ಎಂದೆ. ಅವನ ಕಣ್ಣು ಅಗಲವಾಯಿತು. ಟೆಕ್ಸಾಸ್‌ನ ರಗ್ಬಿ ಮೈದಾನದಲ್ಲಿ ಕನ್ನಡ ಕೇಳುತ್ತೇನೆ ಎಂದು ಅವನೂ ಅಂದುಕೊಂಡಿರಲಿಲ್ಲ. ಎರಡು ಕ್ಷಣ ಮಲಗಿದ. ಮೂರನೆಯದಕ್ಕೆ ಕಿರುಚಿ, ನನ್ನ ಕೈ ಕೊಸರಿಕೊಂಡು ನೆಗೆದೆದ್ದು, ಚಡ್ಡಿ ಕೊಡವುತ್ತಾ ಕುಣಿಯತೊಡಗಿದ. ಅವನನ್ನು ನಾನು ಅಲ್ಲಾಡದಂತೆ ಮಲಗಿಸಿದ್ದು ಕಚ್ಚುವ ಕೆಂಪಿರುವೆಗಳ ಗೂಡಿನ ಮೇಲೆ. ನೋಡಿದ್ದು ಮುಗಿಯಿತಾ ಎಂದು ಮಿಸ್ ಡಾಟಿ ಕೇಳುವುದು ರೋಗಿಯ ಬಗ್ಗೆ ಮಾತ್ರವಲ್ಲ, ರೋಗಿ ಮಲಗಿರುವ ನೆಲವನ್ನೂ ಸೇರಿಸಿ ಎಂದು ಅವತ್ತು ತಿಳಿಯಿತು. ಕತ್ತಿಗೇನೂ ಆಗಿರಲಿಲ್ಲ.

ಹುಡುಗನ ಹೆಸರು ನಿಖಿಲ್. ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ ಹೃದ್ರೋಗ ತಜ್ಞರಾಗಿದ್ದ ಧಾರವಾಡದ ಡಾಕ್ಟರ್ ದೇಸಾಯಿ ಅವರ ಒಬ್ಬನೇ ಮಗ. ಹ್ಯೂಸ್ಟನ್‌ನ ಒಂದು ತಂಡದಲ್ಲಿ ಅವನದು ಫುಲ್‌ಬ್ಯಾಕ್ ಜಾಗ, ಅಂದರೆ ಎಲ್ಲರಿಗಿಂತ ಹಿಂದೆ ಒಬ್ಬನೇ ನಿಂತು ಎದುರಾಳಿಗಳು ಎತ್ತರಕ್ಕೆ ಒದ್ದ ಚೆಂಡನ್ನು ಹಿಡಿಯುವವನು. ಮೈಯಲ್ಲಿ ಮಾಂಸ ಇರಲಿಲ್ಲ, ಆದರೆ ಕೈಗೆ ಬಂದ ಚೆಂಡು ಜಾರುತ್ತಿರಲಿಲ್ಲ. ಓಡಲು ಶುರು ಮಾಡಿದರೆ ದೊಡ್ಡ ಹುಡುಗರು ಬರಿಗಾಳಿ ಹಿಡಿಯುತ್ತಿದ್ದರು. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವನು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ. ಅದಕ್ಕೆ ಇಬ್ಬರೂ ಒಗ್ಗಿಕೊಂಡೆವು.

ಅವನ ತಾಯಿ ವಸುಧಾ ಪ್ರತಿ ಪಂದ್ಯಕ್ಕೂ ಬಂದು ಮರದ ನೆರಳಲ್ಲಿ ಕೂತು, ಟ್ಯಾಕಲ್ ಆದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತಂದೆಗೆ ಮಗ ಆಡುವುದು ಸಾಕರ್ ಎಂಬ ನಂಬಿಕೆ. ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ತಿದ್ದಿರಲಿಲ್ಲ ಅಷ್ಟೆ. ಏಪ್ರಿಲ್‌ನಲ್ಲಿ ಒಂದು ಶನಿವಾರ ಡಾಕ್ಟರಿಗೆ ಬಿಡುವಾಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಡಿಸುವ ಕುರ್ಚಿ ಹಿಡಿದು ಬಂದರು. ಮೊದಲ ಟ್ಯಾಕಲ್ ನೋಡಿ ಕುರ್ಚಿ ಬಿಡಿಸುತ್ತಿದ್ದವರು ಅರ್ಧಕ್ಕೇ ನಿಂತರು. ಆ ಪಂದ್ಯ ಪೂರ್ತಿ ನಿಂತೇ ನೋಡಿದರು. ಮುಗಿದ ಮೇಲೆ ನನ್ನ ಹತ್ತಿರ ಬಂದು, ಇದು ಯಾವ ಕಾಡುಜನರ ಆಟ, ಇದಕ್ಕೆ ನೀವು ಹೇಗೆ ಒಪ್ಪುತ್ತೀರಿ ಎಂದು ಗದರಿದರು. ಮುಂದಿನ ವಾರದಿಂದ ಮಗನನ್ನು ಕಳಿಸುವುದಿಲ್ಲ ಎಂದರು. ಮುಂದಿನ ವಾರ ಕಾವಲಿಗೆಂದು ಬಂದು ಮುಂದಿನ ಸಾಲಿನಲ್ಲೇ ಕೂತರು. ಅದರ ಮುಂದಿನ ವಾರ ಮಗ ಅರ್ಧ ಮೈದಾನ ಓಡಿ ಅಂಕ ಗಳಿಸಿದಾಗ ಕುರ್ಚಿ ಬಿದ್ದುಹೋಗುವ ಹಾಗೆ ಎದ್ದು, "ಹೊಡೀ ಮಗನ" ಎಂದು ಅವರು ಕೂಗಿದ್ದು ಆಚೆ ಬದಿಯಲ್ಲಿದ್ದ ನನಗೂ ಕೇಳಿಸಿತು. ಅಲ್ಲಿಂದ ಮುಂದೆ ರೆಫರಿಗೆ ನಿಯಮ ಹೇಳಿಕೊಡುವ ಮಟ್ಟಕ್ಕೆ ಹೋದರು.

ಇನ್ನು ಆಸ್ಟಿನ್. ಎರಡೂ ಸೆಮಿಫೈನಲ್ ಒಂದೇ ದಿನ ಅಲ್ಲೇ ಇದ್ದವು. ಡಾಕ್ಟರಿಗೆ ಆಸ್ಪತ್ರೆಯಲ್ಲಿ ಡ್ಯೂಟಿ, ತಾಯಿ ಮಗ ಇಬ್ಬರೇ ಬಂದಿದ್ದರು. ನಾನು ಮನೆಯಿಂದ ಇಡ್ಲಿ, ಎಣ್ಣೆ ಕಲಸಿದ ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆ. ನಿಖಿಲ್ ಬಂದು ನಿಂತೇ ತಿಂದ, ಇನ್ನೆರಡು ಕೇಳಿ ತಿಂದ, ಕೈಯನ್ನು ಬಿಳಿ ಚಡ್ಡಿಗೆ ಒರೆಸಿಕೊಂಡು ಓಡಿದ. ಅಮ್ಮ ಬೈದರು. ಚಡ್ಡಿಯ ಮೇಲೆ ಕೆಂಪು ಎಣ್ಣೆಯ ಬೆರಳುಗಳ ಗುರುತು ಉಳಿಯಿತು.

ಪಂದ್ಯದ ಕೊನೆಯ ಹೊತ್ತಿಗೆ ಎತ್ತರದ ಚೆಂಡು ಹಿಡಿಯಲು ನೆಗೆದ ನಿಖಿಲ್‌ನ ತಲೆಯ ಬದಿಗೆ ಎದುರಾಳಿಯ ಮೊಣಕೈ ತಾಗಿತು. ಬೇಕೆಂದು ಹೊಡೆದದ್ದಲ್ಲ. ಅವನು ಚೆಂಡು ಬಿಡದೆ ಬಿದ್ದ, ತಕ್ಷಣ ಎದ್ದೂ ಬಿಟ್ಟ. ಜನ ಚಪ್ಪಾಳೆ ತಟ್ಟಿದರು.

ಆಗಿನ ಕಾಲದಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ನೋಡುತ್ತಿದ್ದ ರೀತಿ ಈಗಿನವರಿಗೆ ನಂಬಲಿಕ್ಕೆ ಆಗುವುದಿಲ್ಲ. ಮುಖದ ಮುಂದೆ ಬೆರಳು ಹಿಡಿದು ಎಷ್ಟು ಎಂದು ಕೇಳುವುದು, ಮೂಗಿಗೆ ಘಾಟಿನ ಔಷಧಿ ಹಿಡಿಯುವುದು, ಬೆನ್ನು ತಟ್ಟಿ ಮತ್ತೆ ಆಟಕ್ಕೆ ಕಳಿಸುವುದು. ಮಿಸ್ ಡಾಟಿ ಅದನ್ನು ಒಪ್ಪುತ್ತಿರಲಿಲ್ಲ. ಅವರ ಬಳಿ ಕೆಲವು ಪ್ರಶ್ನೆಗಳಿದ್ದವು. ಇದು ಯಾವ ಊರು, ಕೊನೆಯ ಅಂಕ ಯಾರದು, ಹೋದ ವಾರ ಯಾರ ಜೊತೆ ಆಡಿದ್ದು, ಗೆದ್ದವರಾರು. ತಪ್ಪಿದರೆ ಆ ದಿನ ಆಟ ಇಲ್ಲ, ಮುಂದಿನ ವಾರವೂ ಇಲ್ಲ. ನಾನೂ ಸೀಸನ್ ಪೂರ್ತಿ ಅವನ್ನೇ ಕೇಳುತ್ತಿದ್ದೆ.

ನಿಖಿಲ್‌ನನ್ನು ಗೆರೆಯ ಆಚೆ ಕರೆದು ಅದನ್ನೇ ಕೇಳಿದೆ. ಒಂದೂ ತಪ್ಪಲಿಲ್ಲ. ಪಾಠ ಒಪ್ಪಿಸಿದ ಹಾಗೆ, ನಾನು ಪ್ರಶ್ನೆ ಮುಗಿಸುವ ಮೊದಲೇ ಹೇಳಿದ. ಅವನ ಹಿಂದೆ ನಿಂತಿದ್ದ ಗೆಳೆಯರು ಅದಕ್ಕೂ ಮೊದಲೇ ತುಟಿ ಆಡಿಸುತ್ತಿದ್ದರು. ಫಿಸಿಯೊ ಏನು ಕೇಳುತ್ತಾಳೆ ಎಂದು ಇಡೀ ಲೀಗಿಗೇ ಗೊತ್ತಾಗಿ, ಹುಡುಗರು ಪಂದ್ಯದ ಮೊದಲು ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಇಳಿಯುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಅವನ ಮುಖದಲ್ಲಿ ಏನೋ ಸರಿ ಇರಲಿಲ್ಲ. ಏನು ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. "ಡಿಡ್ ಐ ಡ್ರಾಪ್ ಇಟ್, ಆಂಟಿ?" ಎಂದು ಕೇಳಿದ. ಇಲ್ಲಪ್ಪಾ, ಹಿಡಿದೆ ಎಂದೆ. ಸ್ವಲ್ಪ ಹೊತ್ತಿಗೆ ಅದನ್ನೇ, ಅದೇ ದನಿಯಲ್ಲಿ ಮತ್ತೆ ಕೇಳಿದ.

ಗೆಳೆಯರನ್ನೆಲ್ಲ ದೂರ ಕಳಿಸಿ, "ನಿಖಿಲ್, ಆಟಕ್ಕೆ ಮೊದಲು ನನ್ನ ಹತ್ತಿರ ಬಂದು ಏನು ತಿಂದೆ?" ಎಂದೆ.

ಅವನು ಯೋಚಿಸಿದ. "ಸೀರಿಯಲ್?" ಎಂದ. ಉತ್ತರ ಹೇಳಿದ ಹಾಗಿರಲಿಲ್ಲ, ಸರಿಯೇ ಎಂದು ನನ್ನನ್ನು ಕೇಳಿದ ಹಾಗಿತ್ತು. ಅವನ ಚಡ್ಡಿಯ ಮೇಲೆ ನನ್ನ ಚಟ್ನಿಪುಡಿಯ ಎಣ್ಣೆ ಇನ್ನೂ ಒಣಗಿರಲಿಲ್ಲ.

ಆ ದಿನ ಉಳಿದ ಆಟಕ್ಕೂ, ಮುಂದಿನ ಶನಿವಾರದ ಫೈನಲ್‌ಗೂ ಇವನು ಇಳಿಯುವಂತಿಲ್ಲ ಎಂದು ಅವನ ಕೋಚ್‌ಗೆ ತಿಳಿಸಿದೆ. ಡಾಕ್ಟರ ಹತ್ತಿರ ಕರೆದೊಯ್ಯಬೇಕು, ರಾತ್ರಿ ಕಣ್ಣಿಟ್ಟಿರಬೇಕು ಎಂದು ವಸುಧಾ ಅವರಿಗೆ ಹೇಳಿದೆ. ಹ್ಯೂಸ್ಟನ್ ಆ ಪಂದ್ಯ ಗೆದ್ದಿತು. ಇನ್ನೊಂದು ಸೆಮಿಫೈನಲ್ ಗೆದ್ದದ್ದು ಸಿಯೋನೆಯ ಡ್ಯಾಲಸ್ ತಂಡ. ಅಲ್ಲಿಗೆ ನನ್ನ ಕಷ್ಟ ಶುರುವಾಯಿತು. ಡ್ಯಾಲಸ್ ಕಡೆಯ ಫಿಸಿಯೊ, ಡ್ಯಾಲಸ್ ವಿರುದ್ಧ ಫೈನಲ್ ಆಡಬೇಕಾದ ತಂಡದ ಅತ್ಯುತ್ತಮ ಆಟಗಾರನನ್ನು ಹೊರಗಿಟ್ಟಿದ್ದಾಳೆ. ಅಷ್ಟೇ ಕೇಳಿದವರಿಗೆ ಬೇರೆ ಏನು ತೋರೀತು?

ಸೋಮವಾರ ಡಾಕ್ಟರ್ ದೇಸಾಯಿ ಫೋನ್ ಮಾಡಿದರು. ತಲೆಯ ಸ್ಕ್ಯಾನ್ ಮಾಡಿಸಿದ್ದೇವೆ, ಎಲ್ಲ ನಾರ್ಮಲ್ ಎಂದರು. ಈ ಥರದ ಪೆಟ್ಟು ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ನೆನಪಿನಲ್ಲಿ, ನಡವಳಿಕೆಯಲ್ಲಿ ಕಾಣುತ್ತದೆ ಎಂದೆ. ಮಗ ಚೆನ್ನಾಗಿದ್ದಾನೆ, ತಲೆನೋವು ಇಲ್ಲ ಎನ್ನುತ್ತಾನೆ ಎಂದರು. ನಾನು ಬಗ್ಗಲಿಲ್ಲ.

"ನಾನೂ ಡಾಕ್ಟರ್ ಅದೀನ್ರಿ. ನನ್ನ ಮಗನ್ನ ನಾ ನೋಡೀನಿ."

"ನೀವು ದೊಡ್ಡ ಡಾಕ್ಟರು ಸಾರ್. ಆದರೆ ಪೆಟ್ಟು ಬಿದ್ದ ಗಳಿಗೇಲಿ ಅವನ ಮುಂದೆ ಇದ್ದವಳು ನಾನು."

"ಇರ್ಲಿ ಬಿಡ್ರಿ. ನೀವು ಡ್ಯಾಲಸ್‌ನವರು" ಎಂದು ಫೋನ್ ಇಟ್ಟರು.

ಆ ಮಾತು ಚುಚ್ಚಿತು. ಗಂಡನಿಗೆ ಹೇಳಿದೆ. ಅವರು ಪಾತ್ರೆ ತೊಳೆಯುತ್ತಲೇ ಇದ್ದರು. ಅವರ ಆಫೀಸಿನಲ್ಲಿ ಆ ವಾರ ಮತ್ತೆ ಕೆಲವರಿಗೆ ಕೆಲಸ ಹೋಗಿತ್ತು. ಬುಧವಾರ ಲೀಗ್ ನಡೆಸುತ್ತಿದ್ದ ಜೆಫ್ ಎಂಬ ಇಂಗ್ಲೆಂಡಿನವರು, ಹ್ಯೂಸ್ಟನ್‌ನಲ್ಲಿ ತೈಲದ ಕೆಲಸದಲ್ಲಿದ್ದವರು, ನೇರವಾಗಿ ಮಿಸ್ ಡಾಟಿಗೇ ಫೋನ್ ಮಾಡಿದರು. ತಂದೆ ತಾಯಂದಿರು ಸಿಟ್ಟಾಗಿದ್ದಾರೆ, ನೀವೇ ಬಂದು ಹುಡುಗನನ್ನು ಒಮ್ಮೆ ನೋಡಿ ಹೇಳಿಬಿಡಿ, ಇಲ್ಲವಾದರೆ ಮುಂದಿನ ವರ್ಷ ಬೇರೆ ಕ್ಲಿನಿಕ್ ನೋಡಿಕೊಳ್ಳಬೇಕಾದೀತು ಎಂದರಂತೆ. ಮಿಸ್ ಡಾಟಿ ನನ್ನನ್ನು ಕರೆದು ನಡೆದದ್ದನ್ನು ಮೊದಲಿಂದ ಹೇಳಿಸಿದರು. ಇಡ್ಲಿಯ ಬಗ್ಗೆ ಎರಡು ಸಲ ಕೇಳಿದರು. ಕೊನೆಗೆ ಸರಿ ಎಂದರು, ಹೋಗು ಎಂದು ಕೈ ತೋರಿಸಿದರು. ಸರಿ ಎಂದರೆ ಏನು ಸರಿ? ಶನಿವಾರದ ತನಕ ಅದನ್ನೇ ಯೋಚಿಸಿದೆ. ಗ್ರೀನ್ ಕಾರ್ಡ್ ಅರ್ಜಿಗೆ ಸಹಿ ಹಾಕಿದ್ದ ಕೈ ಅದು.

ಫೈನಲ್ ಡ್ಯಾಲಸ್‌ನಲ್ಲಿ. ನಾನು ಟೇಪು, ಐಸು ಜೋಡಿಸುತ್ತಿರುವಾಗ ಮಿಸ್ ಡಾಟಿಯ ಪಿಕಪ್ ಟ್ರಕ್ ಬಂದು ನಿಂತಿತು. ಹುಲ್ಲಿನ ಟೋಪಿ, ಬಗಲಲ್ಲಿ ಒಂದು ಮಡಿಸುವ ಕುರ್ಚಿ. ಎಲ್ಲರೂ ತಿರುಗಿ ನೋಡಿದರು. ಜೆಫ್ ಓಡಿ ಬಂದರು. ಹ್ಯೂಸ್ಟನ್ ಕಡೆ ನಿಖಿಲ್ ಆಗಲೇ ಜರ್ಸಿ ತೊಟ್ಟು ಬೂಟು ಕಟ್ಟಿ ಸಿದ್ಧನಾಗಿದ್ದ. ಪಕ್ಕದಲ್ಲಿ ತಂದೆ. ಹುಡುಗ ಅಗೋ ಅಲ್ಲಿದ್ದಾನೆ ಎಂದು ಜೆಫ್ ತೋರಿಸಿದರು.

ಮಿಸ್ ಡಾಟಿ ಆ ಕಡೆ ನೋಡಲೇ ಇಲ್ಲ. ನನ್ನ ಐಸ್ ಪೆಟ್ಟಿಗೆಯ ಪಕ್ಕ ಕುರ್ಚಿ ಬಿಡಿಸಿ ಕೂತರು. ಹುಡುಗನನ್ನು ನೋಡಬೇಕಾದವಳು ನೋಡಿಯಾಗಿದೆ, ತಾನು ಬಂದಿರುವುದು ಅವಳ ಪಕ್ಕದಲ್ಲಿ ಕೂರಲು ಎಂದು ಜೆಫ್‌ಗೆ ಹೇಳಿದರು. ದನಿ ಎತ್ತರಿಸಲಿಲ್ಲ. ಮತ್ತೆ ಟೋಪಿ ಮುಂದಕ್ಕೆ ಎಳೆದುಕೊಂಡು ಮೈದಾನದ ಕಡೆ ಮುಖ ಮಾಡಿದರು. ಟೇಪಿನ ಸುರುಳಿಗಳನ್ನು ಸುಮ್ಮನೆ ಮತ್ತೊಮ್ಮೆ ಜೋಡಿಸಿಟ್ಟೆ.

ಮೇಲಧಿಕಾರಿಗಳು ಹಲವರನ್ನು ಕಂಡೆ. ಬೆನ್ನು ತಟ್ಟಿದವರುಂಟು, ಪಾರ್ಟಿ ಕೊಟ್ಟವರುಂಟು. ಎಲ್ಲರೆದುರು ಒಂದು ಕುರ್ಚಿ ತಂದು ಪಕ್ಕದಲ್ಲಿ ಹಾಕಿಕೊಂಡವರು ಇವರೊಬ್ಬರೇ.

ಆಟ ಶುರುವಾಯಿತು. ನಿಖಿಲ್ ಗೆರೆಯ ಆಚೆ ಬೆಂಚಿನ ಮೇಲೆ. ಹ್ಯೂಸ್ಟನ್ ಕಡೆಯಿಂದ ಕೆಲವರು ನನ್ನನ್ನು ಉದ್ದೇಶಿಸಿ ಏನೇನೋ ಕೂಗಿದರು. ಅರ್ಧ ಆಟದ ವಿರಾಮದಲ್ಲಿ ಆಚೆ ಬದಿಯಿಂದ ಒಬ್ಬ ಹೆಂಗಸು ಮೈದಾನದ ನಡುವೆಯೇ ನಡೆದು ಬರುವುದು ಕಾಣಿಸಿತು. ವಸುಧಾ. ಎರಡೂ ಕಡೆಯವರು ನೋಡುತ್ತಿದ್ದರು. ಅವರು ಬಂದು ನನ್ನ ಪಕ್ಕ ಹುಲ್ಲಿನ ಮೇಲೆ ಕೂತರು.

"ಆಸ್ಟಿನ್‌ನಿಂದ ಹೋಗೋವಾಗ ಕಾರಿನಾಗ ಎರಡ ಸಲ ವಾಂತಿ ಮಾಡ್ಕೊಂಡನ್ರಿ" ಎಂದರು. "ಬೆಳಕ ನೋಡಾಕ ಆಗವಲ್ದು, ತಲಿ ಹಿಡಕೊಂಡ ಕೂಡ್ತಾನ. ಪಪ್ಪಾಗ ಹೇಳಬ್ಯಾಡ ಅಂತ ಕೈ ಮುಗದ. ಫೈನಲ್ ಆಡಬೇಕಂತ ಭಾಳ ಆಸಿ ಅವಂಗ. ನಾ ಹೇಳಲಿಲ್ರಿ."

ನನಗೆ ಬೈಯಬೇಕೆನಿಸಲಿಲ್ಲ.

"ಈಗ ಹೋಗಿ ಹೇಳಿ ವಸುಧಾ. ಈಗಲೇ. ಇವತ್ತೇ ಮತ್ತೆ ಆಸ್ಪತ್ರೆಗೆ ತೋರಿಸಲಿ" ಎಂದೆ.

ಅವರು ಎದ್ದು ಬಂದ ದಾರಿಯಲ್ಲೇ ವಾಪಸ್ಸು ನಡೆದರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಡಾಕ್ಟರ್ ದೇಸಾಯಿ ಕನ್ನಡಕ ತೆಗೆದದ್ದು ಕಾಣಿಸಿತು. ಹೆಂಡತಿಯನ್ನು ನೋಡಿದರು, ಮಗನನ್ನು ನೋಡಿದರು. ಆಮೇಲೆ ಬೆಂಚಿನ ಮುಂದೆ ಮಂಡಿಯೂರಿ ಕೂತು ಮಗನ ಬೂಟಿನ ಲೇಸು ತಾವೇ ಬಿಚ್ಚಿದರು. ಹುಡುಗ ಅಳುತ್ತಿದ್ದ. ತಮ್ಮ ಟೋಪಿ ತೆಗೆದು ಅವನ ತಲೆಗಿಟ್ಟು, ಕಣ್ಣಿಗೆ ಬಿಸಿಲು ಬೀಳದ ಹಾಗೆ ಕೆಳಕ್ಕೆ ಎಳೆದು, ಹೆಗಲ ಮೇಲೆ ಕೈಹಾಕಿ ಕಾರಿನ ಕಡೆ ಕರೆದೊಯ್ದರು. ದ್ವಿತೀಯಾರ್ಧ ಶುರುವಾದದ್ದನ್ನು ಮೂವರೂ ನೋಡಲಿಲ್ಲ.

ಡ್ಯಾಲಸ್ ಗೆದ್ದಿತು. ಎತ್ತರಕ್ಕೆ ಒದ್ದ ಒಂದು ಚೆಂಡು ನಿಖಿಲ್‌ನ ಜಾಗದಲ್ಲಿ ನಿಂತಿದ್ದವನ ಕೈಯಿಂದ ಜಾರಿತು, ಟೋಂಗಾ ಹುಡುಗನೊಬ್ಬ ಅದರ ಮೇಲೆ ಬಿದ್ದ. ಅದು ನಿಖಿಲ್ ಹಿಡಿಯುತ್ತಿದ್ದ ಚೆಂಡು ಎಂದು ಎಲ್ಲರಿಗೂ ಗೊತ್ತಿತ್ತು, ನನಗೂ. ಸಿಯೋನೆ ಕಪ್ ತೆಗೆದುಕೊಳ್ಳುವ ಮೊದಲು ಹ್ಯೂಸ್ಟನ್ ಕೋಚ್ ಹತ್ತಿರ ಹೋಗಿ, ಆ ಹುಡುಗ ಹೇಗಿದ್ದಾನೆ ಎಂದು ವಿಚಾರಿಸಿದರು. ಅಜ್ಜಿ ಆ ದಿನ ಸೋತವರ ಕಾಲಿಗೂ ಎಣ್ಣೆ ತಿಕ್ಕಿದರು. ಜೆಫ್ ನನ್ನ ಹತ್ತಿರ ಬರಲಿಲ್ಲ. ಆದರೆ ಬೇರೆ ಕ್ಲಿನಿಕ್ ಹುಡುಕಲೂ ಇಲ್ಲ.

ನಿಖಿಲ್‌ಗೆ ಸರಿಹೋಗಲು ಬಹಳ ಸಮಯ ಹಿಡಿಯಿತು. ಆ ಬೇಸಿಗೆ ಪೂರ್ತಿ ಓದಲು ಕೂತರೆ ತಲೆನೋವು, ಟಿವಿ ಹಾಕಿದರೆ ತಲೆನೋವು, ಪರದೆ ಎಳೆದ ಕೋಣೆಯಲ್ಲಿ ಮಲಗಿರುತ್ತಿದ್ದನಂತೆ. ವಸುಧಾ ಆಗಾಗ ಫೋನ್ ಮಾಡಿ ಹೇಳುತ್ತಿದ್ದರು. ಆ ಸ್ಥಿತಿಯಲ್ಲಿ ಇನ್ನೊಂದು ಪೆಟ್ಟು ಬಿದ್ದಿದ್ದರೆ ಎಂದು ಅವರು ಒಮ್ಮೆ ಶುರು ಮಾಡಿದರು. ನಾನು ಮಾತು ಬದಲಾಯಿಸಿದೆ. ಡಾಕ್ಟರ್ ಮಾತ್ರ ಒಮ್ಮೆಯೂ ಫೋನಿಗೆ ಬರಲಿಲ್ಲ. ಹ್ಯೂಸ್ಟನ್‌ನ ದೀಪಾವಳಿ ಕಾರ್ಯಕ್ರಮದಲ್ಲಿ ಎದುರಾದಾಗ ನಮಸ್ಕಾರ ಮಾಡಿ ಊಟದ ಸಾಲಿಗೆ ಹೋಗಿ ನಿಂತರು.

ಈಗ ನಿಮಗೆ ಕಂಪ್ಯೂಟರ್ ಪರೀಕ್ಷೆ ಇದೆ, ತಲೆಗೆ ಪೆಟ್ಟು ಬಿದ್ದವನು ಹಂತ ಹಂತವಾಗಿ ಆಟಕ್ಕೆ ಮರಳಬೇಕೆಂಬ ನಿಯಮ ಇದೆ, ನಿಮ್ಮ ಬೆನ್ನಿಗೆ ಕಾನೂನೇ ಇದೆ. ಒಳ್ಳೆಯದೇ ಆಯಿತು. ಆದರೂ ಮಕ್ಕಳು ಉತ್ತರ ಬಾಯಿಪಾಠ ಮಾಡುವುದನ್ನು ಬಿಟ್ಟಿರಲಾರರು. ಅವರಿಗೆ ಯಾರೂ ಹೇಳಿಕೊಟ್ಟಿರಲಾರದ ಪ್ರಶ್ನೆಯೊಂದನ್ನು ಕೇಳಬೇಕಾದರೆ, ಪೆಟ್ಟು ಬೀಳುವ ಮೊದಲೇ ಆ ಮಗುವಿನ ಜೊತೆ ನಾಲ್ಕು ಮಾತು ಆಡಿರಬೇಕು.

ಮರುವರ್ಷದ ವಸಂತ. ಮಿಸೌರಿ ಸಿಟಿಯ ಅದೇ ಮೈದಾನದಲ್ಲಿ ಸೀಸನ್ನಿನ ಮೊದಲ ಪಂದ್ಯ. ನಾನು ಒಂದು ಟೆಂಟಿನೊಳಗೆ ಮೇಜು ಹಾಕಿಕೊಂಡಿದ್ದೆ. ನಿಖಿಲ್ ಒಳಗೆ ಬಂದ. ಒಂದು ಗೇಣು ಎತ್ತರ ಬೆಳೆದಿದ್ದ. ಮತ್ತೆ ಆಡಬಹುದು ಎಂದು ಮೆದುಳಿನ ತಜ್ಞರೇ ಹೇಳಿದ್ದರು, ತಂದೆಯ ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆಯೂ ಆಗಿತ್ತು. ನಾನು ನೋಡಲೇಬೇಕಾದ ಅಗತ್ಯ ಇರಲಿಲ್ಲ. ಹಿಂದೆಯೇ ಡಾಕ್ಟರ್ ದೇಸಾಯಿ ಬಾಗಿಲಲ್ಲಿ ನಿಂತಿದ್ದರು.

"ಅವರೆಲ್ಲಾ ನೋಡ್ಯಾರ್ರಿ" ಎಂದರು. "ನೀವೂ ಒಮ್ಮೆ ನೋಡ್ರಿ. ನಾ ಹೊರಗ ನಿಂತಿರ್ತೀನಿ."

ನಿಧಾನವಾಗಿ ನೋಡಿದೆ. ಒಂಟಿ ಕಾಲಲ್ಲಿ ನಿಲ್ಲಿಸಿದೆ, ಕಣ್ಣು ಮುಚ್ಚಿಸಿ ನಡೆಸಿದೆ, ಶಾಲೆಯ ಸುದ್ದಿ ಮಾತಾಡಿಸಿದೆ. ಅವನು ಒಂದೆರಡು ಸಲ ನಗಿಸಿದ ಕೂಡ. ಟೆಂಟಿನ ಬಟ್ಟೆಯಾಚೆ ಅವನ ತಂದೆಯ ನೆರಳು ಅತ್ತಿಂದಿತ್ತ ಓಡಾಡುತ್ತಿತ್ತು. ಎಷ್ಟೋ ಮನೆಯ ಜನರನ್ನು ಆಪರೇಶನ್ ಕೋಣೆಯ ಹೊರಗೆ ಕಾಯಿಸಿದ್ದ ಮನುಷ್ಯ.

ನಾನು ಪರದೆ ಸರಿಸಿ ಹೊರಗೆ ಬಂದೆ. ಅವರು ಓಡಾಟ ನಿಲ್ಲಿಸಿ, ಎರಡೂ ಕೈ ಹಿಂದೆ ಕಟ್ಟಿ ನೇರ ನಿಂತರು.

"ಏನಂತೀರಿ, ಡಾಕ್ಟ್ರ?" ಎಂದರು.

ನಾನು ಡಾಕ್ಟರ್ ಅಲ್ಲ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಮುಖದಲ್ಲಿ ನಗುವಿರಲಿಲ್ಲ.

"ಆಡಲಿ ಬಿಡಿ ಸಾರ್" ಎಂದೆ.